ಸೀಳಿದ ಪರಮಾಣುವಿನ ಎರಡು ಹೋಳು: ಶಾಖ, ಹಿಡಿತ ಮತ್ತು ಹೊಣೆ

2047ರ ಹೊತ್ತಿಗೆ ದೇಶದ ಅಣು ವಿದ್ಯುತ್ ಸಾಮರ್ಥ್ಯವನ್ನು 100 ಗಿಗಾವ್ಯಾಟ್‌ಗೆ ಏರಿಸುವುದಾಗಿ ಕೇಂದ್ರ ಸರ್ಕಾರ 2025ರ ಫೆಬ್ರುವರಿಯ ಬಜೆಟ್‌ನಲ್ಲಿ ಘೋಷಿಸಿತು. ಸಣ್ಣ ರಿಯಾಕ್ಟರ್‌ಗಳ ಸಂಶೋಧನೆ ಮತ್ತು ಅಭಿವೃದ್ಧಿಗೆ 20,000 ಕೋಟಿ ರೂಪಾಯಿ ತೆಗೆದಿರಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ‘ಶಾಂತಿ’ ಎಂಬ ಹೆಸರಿನ ಮಸೂದೆಯನ್ನು ಅಂಗೀಕರಿಸಿ, ಅದುವರೆಗೆ ಸರ್ಕಾರಿ ಸಂಸ್ಥೆಗಳಿಗಷ್ಟೇ ಮೀಸಲಾಗಿದ್ದ ಈ ಕ್ಷೇತ್ರದ ಬಾಗಿಲನ್ನು ಖಾಸಗಿಯವರಿಗೂ ತೆರೆಯಿತು. ಆಗ ದೇಶದ ಒಟ್ಟು ಅಣು ವಿದ್ಯುತ್ ಸಾಮರ್ಥ್ಯ 9 ಗಿಗಾವ್ಯಾಟ್‌ಗಿಂತ ಕಡಿಮೆಯಿತ್ತು ಎಂಬುದನ್ನು ನೆನೆದರೆ ಗುರಿ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಉತ್ತರ ಕನ್ನಡದ ಕೈಗಾದಲ್ಲಿ ಈಗಿರುವ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳ ಜೊತೆಗೆ ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳು ಸೇರಲಿವೆ.

ಇಷ್ಟು ದೊಡ್ಡ ತೀರ್ಮಾನದ ಸುತ್ತ ನಡೆಯುವ ಮಾತು ಮಾತ್ರ ಎರಡು ತುದಿಗಳಲ್ಲೇ ನಿಂತುಬಿಡುತ್ತದೆ. ಒಂದು ತುದಿಯಲ್ಲಿ ಹೊಗೆಯಿಲ್ಲದ ವಿದ್ಯುತ್ ಎಂಬ ಭರವಸೆ, ಇನ್ನೊಂದು ತುದಿಯಲ್ಲಿ ಹಿರೋಷಿಮಾದ ನೆನಪು. ನಡುವೆ ಏನು ನಡೆಯುತ್ತದೆ, ಪರಮಾಣು ಸೀಳಿದಾಗ ಶಕ್ತಿ ಎಲ್ಲಿಂದ ಬರುತ್ತದೆ, ಅದನ್ನು ಹಿಡಿತದಲ್ಲಿಡುವುದು ಯಾವುದು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ನನ್ನ ಪ್ರಕಾರ ಈ ಚರ್ಚೆ ಶುರುವಾಗಬೇಕಾದದ್ದು ಸೀಳಿದ ಮೇಲೆ ಉಳಿಯುವ ಎರಡು ಹೋಳುಗಳಿಂದ. ಶಾಖ ಹುಟ್ಟುವುದು ಅವುಗಳ ಓಟದಿಂದ, ರಿಯಾಕ್ಟರ್ ಮನುಷ್ಯನ ಹಿಡಿತಕ್ಕೆ ಸಿಗುವುದು ಅವುಗಳ ನಿಧಾನದಿಂದ, ಅಪಾಯ ಉಳಿಯುವುದೂ ಅವುಗಳಲ್ಲೇ.

ಪರಮಾಣು ಸೀಳುವುದಕ್ಕೆ ಬಳಸುವ ವಿದಳನ ಎಂಬ ಶಬ್ದದೊಳಗೇ ದಳವಿದೆ. ತೊಗರಿ, ಕಡಲೆಯಂಥ ದ್ವಿದಳ ಧಾನ್ಯವನ್ನು ಬೀಸುವ ಕಲ್ಲಿಗೆ ಹಾಕಿದರೆ ಕಾಳು ಒಡೆದು ಎರಡು ಬೇಳೆಯಾಗುತ್ತದೆ. ಪರಮಾಣುವಿನ ನಡುವಿನ ಬೀಜಕೇಂದ್ರ, ಅಂದರೆ ನ್ಯೂಕ್ಲಿಯಸ್, ಒಡೆಯುವುದನ್ನು ಹೀಗೆ ಕಲ್ಪಿಸಿಕೊಳ್ಳಬಹುದಾದರೂ ಎರಡು ವ್ಯತ್ಯಾಸಗಳಿವೆ. ಬೇಳೆಯ ಎರಡು ಹೋಳು ಸಮನಾಗಿರುತ್ತವೆ. ಯುರೇನಿಯಂ ಹೆಚ್ಚಾಗಿ ಒಡೆಯುವುದು 95ರ ಆಸುಪಾಸಿನ ತೂಕದ ಒಂದು ಹೋಳಾಗಿ ಮತ್ತು 140ರ ಆಸುಪಾಸಿನ ಇನ್ನೊಂದು ಹೋಳಾಗಿ. ಕಾಳು ಒಡೆಯಲು ಕಲ್ಲಿನ ಭಾರ ಬೇಕು. ಯುರೇನಿಯಂ-235ಕ್ಕಾದರೆ (ಈ ಸಂಖ್ಯೆ ಅದರ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಎಣಿಕೆ) ಮೆಲ್ಲಗೆ ಬಂದು ಸೇರಿಕೊಳ್ಳುವ ಒಂದು ನ್ಯೂಟ್ರಾನ್ ಸಾಕು. ಒಡೆಯುವ ಬಲ ಹೊರಗಿನಿಂದ ಬರುವುದಿಲ್ಲ, ಅದು ಮೊದಲೇ ಒಳಗೆ ತುಂಬಿಕೊಂಡಿರುತ್ತದೆ.

ಇದು ಅರ್ಥವಾದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1938ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ರಸಾಯನ ವಿಜ್ಞಾನಿಗಳಾದ ಆಟೊ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂನ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿ ನೋಡುತ್ತಿದ್ದರು. ಯುರೇನಿಯಂಗೆ ಹತ್ತಿರದ ಯಾವುದೋ ಭಾರವಾದ ಧಾತು ಸಿಗಬಹುದೆಂದು ಅವರು ಎಣಿಸಿದ್ದರು. ಎಷ್ಟು ಸಲ ಬೇರ್ಪಡಿಸಿ ಪರೀಕ್ಷಿಸಿದರೂ ಸಿಕ್ಕಿದ್ದು ಬೇರಿಯಂ. ಯುರೇನಿಯಂನಲ್ಲಿ 92 ಪ್ರೋಟಾನ್‌ಗಳಿದ್ದರೆ ಬೇರಿಯಂನಲ್ಲಿರುವುದು 56. ಅಂದಿನ ಭೌತವಿಜ್ಞಾನದ ಪ್ರಕಾರ ಒಂದು ಸಣ್ಣ ನ್ಯೂಟ್ರಾನ್ ಇಷ್ಟು ದೊಡ್ಡ ಹೋಳನ್ನು ಕಿತ್ತು ತೆಗೆಯುವುದು ಸಾಧ್ಯವೇ ಇರಲಿಲ್ಲ. ದಿಕ್ಕು ತೋಚದ ಹಾನ್, ತಮ್ಮೊಂದಿಗೆ ಹಲವು ವರ್ಷ ದುಡಿದಿದ್ದ ಲೀಸ್ ಮೈಟ್ನರ್‌ಗೆ ಕಾಗದ ಬರೆದರು. ಯಹೂದಿ ಮೂಲದ ಮೈಟ್ನರ್ ನಾಜಿಗಳ ಕಾಟದಿಂದ ಅದೇ ವರ್ಷದ ಜುಲೈನಲ್ಲಿ ಜರ್ಮನಿಯನ್ನು ಬಿಟ್ಟು ಹೋಗಿ ಸ್ವೀಡನ್ ಸೇರಿದ್ದರು.

ಕ್ರಿಸ್‌ಮಸ್ ರಜೆಯಲ್ಲಿ ಅವರು ಕುಂಗೆಲ್ವ್ ಎಂಬ ಊರಿನಲ್ಲಿದ್ದಾಗ ಅಕ್ಕನ ಮಗ ಆಟೊ ಫ್ರಿಶ್ ಅಲ್ಲಿಗೆ ಬಂದರು. ಇಬ್ಬರೂ ಹಿಮದಲ್ಲಿ ಮಾತನಾಡುತ್ತಾ ಸಾಗಿದರು. ಫ್ರಿಶ್ ಹಿಮಜಾರು ಹಲಗೆಗಳ ಮೇಲೆ, ಮೈಟ್ನರ್ ಕಾಲ್ನಡಿಗೆಯಲ್ಲಿ. ಕೊನೆಗೆ ಒಂದು ಮರದ ದಿಮ್ಮಿಯ ಮೇಲೆ ಕುಳಿತು ಕಾಗದದ ಚೂರುಗಳಲ್ಲಿ ಲೆಕ್ಕ ಹಾಕತೊಡಗಿದರು. ಅವರ ಕೈಯಲ್ಲಿದ್ದದ್ದು ನೀಲ್ಸ್ ಬೋರ್ ಬೆಳೆಸಿದ್ದ ಚಿತ್ರ: ನ್ಯೂಕ್ಲಿಯಸ್ ಗಟ್ಟಿ ಉಂಡೆಯಲ್ಲ, ಅದೊಂದು ದ್ರವದ ಹನಿ.

ಮಳೆಗಾಲದಲ್ಲಿ ಕೆಸುವಿನ ಎಲೆಯ ಮೇಲೆ ನಿಂತ ನೀರಿನ ಹನಿಯನ್ನು ನೋಡಿದವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲೆ ಅಲುಗಿದರೆ ಸಣ್ಣ ಹನಿ ದುಂಡಗೇ ಉರುಳುತ್ತದೆ. ದೊಡ್ಡ ಹನಿ ಉದ್ದಕ್ಕೆ ಎಳೆದುಕೊಂಡು, ನಡು ಸಣ್ಣದಾಗಿ, ಎರಡಾಗಿಬಿಡುತ್ತದೆ. ನ್ಯೂಕ್ಲಿಯಸ್ಸಿನಲ್ಲೂ ಎರಡು ಬಲಗಳ ಜಗ್ಗಾಟವಿದೆ. ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಬಲ ಬಹಳ ಗಟ್ಟಿಯಾದದ್ದು, ಆದರೆ ಪಕ್ಕದ ಕಣವನ್ನು ಬಿಟ್ಟು ಆಚೆಗೆ ಅದರ ಕೈ ಚಾಚುವುದಿಲ್ಲ. ಪ್ರೋಟಾನ್‌ಗಳು ಒಂದನ್ನೊಂದು ದೂಡುವ ವಿದ್ಯುತ್ ಬಲ ಅದಕ್ಕಿಂತ ದುರ್ಬಲವಾದರೂ ಹನಿಯ ಈ ಅಂಚಿನಿಂದ ಆ ಅಂಚಿನವರೆಗೂ ಮುಟ್ಟುತ್ತದೆ. 92 ಪ್ರೋಟಾನ್‌ಗಳಿರುವ ಯುರೇನಿಯಂನಲ್ಲಿ ಈ ಎರಡು ಬಲಗಳು ಹೆಚ್ಚುಕಡಿಮೆ ಸರಿಸಮನಾಗುವ ಹಂತಕ್ಕೆ ಬಂದಿರುತ್ತವೆ. ನ್ಯೂಟ್ರಾನ್ ಒಳಸೇರಿದಾಗ ಹನಿ ತುಯ್ಯುತ್ತದೆ, ಉದ್ದವಾಗುತ್ತದೆ, ನಡು ಸಪುರವಾಗುತ್ತದೆ. ಅಂಟಿನ ಹಿಡಿತ ತಪ್ಪಿದ ಕ್ಷಣವೇ ಎರಡು ಹೋಳುಗಳು ಒಂದನ್ನೊಂದು ದೂಡಿಕೊಂಡು ಹಾರುತ್ತವೆ.

ಆ ದೂಡಿಕೆಯ ಶಕ್ತಿಯನ್ನು ಲೆಕ್ಕ ಹಾಕಿದಾಗ ಬಂದ ಉತ್ತರ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯನ್ನು ಅಳೆಯುವ ಮಾನ). ಮೈಟ್ನರ್ ಇನ್ನೊಂದು ದಾರಿಯಿಂದಲೂ ಲೆಕ್ಕ ಮಾಡಿದರು. ಒಡೆದ ಹೋಳುಗಳ ಒಟ್ಟು ದ್ರವ್ಯರಾಶಿ ಮೂಲ ನ್ಯೂಕ್ಲಿಯಸ್ಸಿಗಿಂತ ಒಂದು ಪ್ರೋಟಾನ್‌ನ ಐದನೇ ಒಂದು ಭಾಗದಷ್ಟು ಕಡಿಮೆಯಿತ್ತು; ಐನ್‌ಸ್ಟೈನ್‌ರ ಸೂತ್ರದ ಪ್ರಕಾರ ಆ ಕೊರತೆಗೆ ಸಮನಾದ ಶಕ್ತಿಯೂ ಅದೇ 20 ಕೋಟಿ. ಎರಡು ಬೇರೆ ಬೇರೆ ದಾರಿಗಳು ಒಂದೇ ಸಂಖ್ಯೆಗೆ ಬಂದು ಸೇರಿದ್ದವು. ಜೀವಕೋಶ ಎರಡಾಗುವುದಕ್ಕೆ ಜೀವವಿಜ್ಞಾನಿಗಳು ಬಳಸುತ್ತಿದ್ದ ‘ಫಿಷನ್’ ಎಂಬ ಪದವನ್ನೇ ಫ್ರಿಶ್ ಇದಕ್ಕೂ ಇಟ್ಟರು. 1944ರ ರಸಾಯನ ವಿಜ್ಞಾನದ ನೊಬೆಲ್ ಪುರಸ್ಕಾರ ಹಾನ್ ಒಬ್ಬರಿಗೇ ಸಂದಿತು. ಮೈಟ್ನರ್ ಅವರನ್ನು ಬಿಟ್ಟದ್ದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಬೇರಿಯಂ ಸಿಕ್ಕಿದ್ದು ಬರ್ಲಿನ್‌ನಲ್ಲಾದರೂ ಅದರ ಅರ್ಥ ಸಿಕ್ಕಿದ್ದು ಆ ಮರದ ದಿಮ್ಮಿಯ ಮೇಲೆ.

‘ದ್ರವ್ಯ ಶಕ್ತಿಯಾಗಿ ಮಾರ್ಪಡುತ್ತದೆ’ ಎಂಬ ಒಂದೇ ವಾಕ್ಯದಲ್ಲಿ ವಿದಳನವನ್ನು ವಿವರಿಸಿ ಮುಗಿಸುವ ರೂಢಿ ನಮ್ಮ ಪಾಠಗಳಲ್ಲಿದೆ. ತಪ್ಪಲ್ಲ, ಆದರೆ ಇದರಿಂದ ಯಾವುದೋ ಕಣ ಕರಗಿ ಬೆಳಕಾಗಿ ಹೋಯಿತೇನೋ ಎಂಬ ಭ್ರಮೆ ಹುಟ್ಟುತ್ತದೆ. ವಾಸ್ತವದಲ್ಲಿ ಒಂದು ಪ್ರೋಟಾನಾಗಲಿ ನ್ಯೂಟ್ರಾನಾಗಲಿ ಕಾಣೆಯಾಗುವುದಿಲ್ಲ. ಅವೇ ಕಣಗಳು ಎರಡು ಮಧ್ಯಮ ಗಾತ್ರದ ಗುಂಪುಗಳಾಗಿ ಇನ್ನೂ ಬಿಗಿಯಾಗಿ ಕೂಡಿಕೊಳ್ಳುತ್ತವೆ, ಬಿಗಿಯಾದಷ್ಟೂ ಶಕ್ತಿಯನ್ನು ಹೊರಗೆ ಬಿಟ್ಟುಕೊಡುತ್ತವೆ. ಹಾಗೆ ಹೊರಬಂದ ಶಕ್ತಿಯ ಶೇಕಡ 80ಕ್ಕೂ ಹೆಚ್ಚು ಭಾಗ ಆ ಎರಡು ಹೋಳುಗಳ ಓಟದಲ್ಲಿರುತ್ತದೆ. ಸೆಕೆಂಡಿಗೆ ಸುಮಾರು 10,000 ಕಿಲೋಮೀಟರ್ ವೇಗದಲ್ಲಿ ಹೊರಟ ಹೋಳು ಇಂಧನದೊಳಗೆ ಒಂದು ಮಿಲಿಮೀಟರ್‌ನ ನೂರನೇ ಒಂದು ಭಾಗ ಸಾಗುವಷ್ಟರಲ್ಲಿ ಸುತ್ತಲಿನ ಪರಮಾಣುಗಳಿಗೆ ಢಿಕ್ಕಿ ಹೊಡೆದು ನಿಂತುಬಿಡುತ್ತದೆ. ಆ ಢಿಕ್ಕಿಗಳೇ ಶಾಖ. ಅದನ್ನು ನೀರು ಹೊತ್ತೊಯ್ದು ಆವಿಯಾಗಿಸುತ್ತದೆ, ಆವಿ ಟರ್ಬೈನ್ ತಿರುಗಿಸುತ್ತದೆ. ಅಲ್ಲಿಂದ ಮುಂದೆ ರಾಯಚೂರಿನ ಕಲ್ಲಿದ್ದಲು ಸ್ಥಾವರಕ್ಕೂ ಕೈಗಾಕ್ಕೂ ತತ್ವದಲ್ಲಿ ಭೇದವಿಲ್ಲ.

ಭೇದವಿರುವುದು ಪ್ರಮಾಣದಲ್ಲಿ. ಕಲ್ಲಿದ್ದಲಿನ ಒಂದು ಇಂಗಾಲದ ಪರಮಾಣು ಉರಿದರೆ ಸಿಗುವುದು ಸುಮಾರು 4 ಎಲೆಕ್ಟ್ರಾನ್ ವೋಲ್ಟ್. ಒಂದು ಯುರೇನಿಯಂ ನ್ಯೂಕ್ಲಿಯಸ್ ಸೀಳಿದರೆ ಅದರ 5 ಕೋಟಿ ಪಟ್ಟು. ಹಾಗಿದ್ದರೂ ಒಂದು ಪರಮಾಣುವಿನ ಲೆಕ್ಕದಲ್ಲಿ ಇದು ಕಣ್ಣಿಗೆ ಕಾಣದಷ್ಟು ಸಣ್ಣ ಶಕ್ತಿ. ಮನೆಯಲ್ಲಿ 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬು ಅಣು ವಿದ್ಯುತ್ತಿನಿಂದ ಬೆಳಗಬೇಕಾದರೆ ಪ್ರತಿ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ನ್ಯೂಕ್ಲಿಯಸ್‌ಗಳು ಸೀಳಬೇಕು.

ಕೈಗಾದ ಇಂಧನವನ್ನು ಹತ್ತಿರದಿಂದ ನೋಡಿದರೆ ಈ ಲೆಕ್ಕ ಕೈಗೆ ಸಿಗುತ್ತದೆ. ಹೈದರಾಬಾದಿನ ಅಣು ಇಂಧನ ಸಂಕೀರ್ಣದಲ್ಲಿ ತಯಾರಾಗುವ ಒಂದು ಇಂಧನ ಕಟ್ಟು ಅರ್ಧ ಮೀಟರ್ ಉದ್ದವಿರುತ್ತದೆ. ಜಿರ್ಕೋನಿಯಂ ಮಿಶ್ರಲೋಹದ 19 ತೆಳು ಕೊಳವೆಗಳನ್ನು ಸೇರಿಸಿ ಕಟ್ಟಿದ ಅದರೊಳಗೆ ಯುರೇನಿಯಂ ಆಕ್ಸೈಡಿನ ಬಿಲ್ಲೆಗಳನ್ನು ತುಂಬಿರುತ್ತಾರೆ. ತೂಕ ಸುಮಾರು 16 ಕಿಲೋ, ಒಬ್ಬ ಮನುಷ್ಯ ಎರಡು ಕೈಯಲ್ಲಿ ಎತ್ತಬಹುದಾದಷ್ಟು. 220 ಮೆಗಾವ್ಯಾಟ್‌ನ ಒಂದು ರಿಯಾಕ್ಟರಿನಲ್ಲಿ 306 ನಾಳಗಳಲ್ಲಿ ಇಂಥ 3,672 ಕಟ್ಟುಗಳು ಮಲಗಿರುತ್ತವೆ. ಒಂದು ಕಟ್ಟು ತನ್ನ ಅವಧಿ ಮುಗಿಸಿ ಹೊರಬರುವಷ್ಟರಲ್ಲಿ ಸುಮಾರು 6 ಲಕ್ಷ ಯೂನಿಟ್ ವಿದ್ಯುತ್ತಿಗೆ ಶಾಖ ಕೊಟ್ಟಿರುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ 500 ಮನೆಗಳಿಗೆ ಅದು ಒಂದು ವರ್ಷದ ವಿದ್ಯುತ್. ಇಷ್ಟಕ್ಕೆ ಅದರೊಳಗೆ ಸೀಳಿದ ವಸ್ತು ಹೆಚ್ಚೆಂದರೆ 100 ಗ್ರಾಂ, ಆ 100 ಗ್ರಾಂನಲ್ಲಿ ತೂಕ ಕಡಿಮೆಯಾಗುವುದು ಒಂದು ಗ್ರಾಂನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಉಳಿದದ್ದೆಲ್ಲ ಹೋಳುಗಳಾಗಿ ಆ ಕಟ್ಟಿನೊಳಗೇ ಇರುತ್ತದೆ.

ಒಂದು ನ್ಯೂಕ್ಲಿಯಸ್ ಸೀಳಿದಾಗ ಎರಡು ಹೋಳುಗಳ ಜೊತೆಗೆ ಸರಾಸರಿ ಎರಡೂವರೆ ನ್ಯೂಟ್ರಾನ್‌ಗಳು ಹೊರಬರುತ್ತವೆ. ಅವು ಇನ್ನಷ್ಟು ನ್ಯೂಕ್ಲಿಯಸ್‌ಗಳನ್ನು ಸೀಳಿದರೆ ಸರಪಳಿ ಕ್ರಿಯೆ. 1942ರ ಡಿಸೆಂಬರ್ 2ರಂದು ಶಿಕಾಗೊದಲ್ಲಿ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಇದನ್ನು ಮೊದಲ ಬಾರಿಗೆ ನಡೆಸಿ ತೋರಿಸಿದರು. ಹೇಳಿದಷ್ಟು ಸುಲಭವಲ್ಲ ಇದು. ಗಣಿಯಿಂದ ಬರುವ ಯುರೇನಿಯಂನಲ್ಲಿ ಸುಲಭವಾಗಿ ಸೀಳುವ 235ರ ಪಾಲು ಶೇಕಡ 0.7 ಮಾತ್ರ, ಉಳಿದದ್ದು ಬಹುತೇಕ 238. ನ್ಯೂಟ್ರಾನ್ ಸೇರಿದಾಗ 235ರಲ್ಲಿ ಬೆಸಸಂಖ್ಯೆಯಲ್ಲಿದ್ದ ನ್ಯೂಟ್ರಾನ್‌ಗಳು ಜೋಡಿಯಾಗಿ, ಹನಿಯನ್ನು ಸೀಳುವಷ್ಟು ತುಯ್ತ ಅದರಿಂದಲೇ ಹುಟ್ಟುತ್ತದೆ. 238ರಲ್ಲಿ ಅಷ್ಟು ಹುಟ್ಟುವುದಿಲ್ಲ, ಅದು ನ್ಯೂಟ್ರಾನನ್ನು ನುಂಗಿ ಕೊನೆಗೆ ಪ್ಲುಟೋನಿಯಂ ಆಗುತ್ತದೆ. ಹೊಸದಾಗಿ ಹೊರಬಂದ ನ್ಯೂಟ್ರಾನ್ ವೇಗದ್ದು. ಅದು ನಿಧಾನವಾದಷ್ಟೂ 235ಕ್ಕೆ ಸಿಕ್ಕಿಬೀಳುವ ಸಂಭವ ನೂರಾರು ಪಟ್ಟು ಹೆಚ್ಚುತ್ತದೆ.

ನಿಧಾನ ಮಾಡಲು ಹಗುರ ಪರಮಾಣುಗಳಿಗೆ ಢಿಕ್ಕಿ ಹೊಡೆಸಬೇಕು. ಮಾಮೂಲಿ ನೀರು ಆ ಕೆಲಸವನ್ನು ಬೇಗ ಮಾಡುತ್ತದೆ, ಆದರೆ ಒಂದಷ್ಟು ನ್ಯೂಟ್ರಾನ್‌ಗಳನ್ನು ತಾನೇ ಕುಡಿದುಬಿಡುತ್ತದೆ. ಹಾಗಾಗಿ ಅಂಥ ರಿಯಾಕ್ಟರಿಗೆ 235ರ ಪಾಲನ್ನು ಹೆಚ್ಚಿಸಿದ ಇಂಧನ ಬೇಕು. ಭಾರಜಲ ಸುಮಾರು 35 ಢಿಕ್ಕಿಗಳಲ್ಲಿ ನ್ಯೂಟ್ರಾನನ್ನು ನಿಧಾನಗೊಳಿಸುತ್ತದೆ, ನುಂಗುವುದು ತೀರಾ ಕಡಿಮೆ. ನೀರಿನ ಸುಮಾರು 6,400 ಹೈಡ್ರೋಜನ್ ಪರಮಾಣುಗಳಲ್ಲಿ ಒಂದರಂತೆ ಇರುವ ಭಾರದ ಹೈಡ್ರೋಜನ್ ಆದ ಡ್ಯುಟೀರಿಯಂ ಅನ್ನು ಆರಿಸಿ ಭಾರಜಲ ಮಾಡುವುದು ದುಬಾರಿ ಕೆಲಸ. ಆದರೂ ಯುರೇನಿಯಂ ಕಡಿಮೆಯಿರುವ ನಮ್ಮ ದೇಶ ಈ ದಾರಿಯನ್ನೇ ಹಿಡಿಯಿತು, ಕೈಗಾದ ನಾಲ್ಕೂ ಘಟಕಗಳು ಇದೇ ಜಾತಿಯವು. ಇವುಗಳಲ್ಲಿ ರಿಯಾಕ್ಟರ್ ನಿಲ್ಲಿಸದೆಯೇ ಹಳೆಯ ಕಟ್ಟು ತೆಗೆದು ಹೊಸದನ್ನು ಹಾಕಬಹುದು. ಕೈಗಾದ ಮೊದಲನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ಓಡಿ ಅಂದಿನ ವಿಶ್ವದಾಖಲೆ ಬರೆದದ್ದು ಈ ಅನುಕೂಲದಿಂದ, ಜೊತೆಗೆ ಅದನ್ನು ನಡೆಸಿದವರ ಕಸುಬಿನಿಂದ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಒಂದು ನ್ಯೂಟ್ರಾನ್ ಹುಟ್ಟಿ ಮುಂದಿನ ವಿದಳನ ಮಾಡಲು ಭಾರಜಲ ರಿಯಾಕ್ಟರಿನಲ್ಲಿ ಹಿಡಿಯುವ ಕಾಲ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಪ್ರತಿ ಪೀಳಿಗೆಯಲ್ಲಿ ವಿದಳನಗಳು ಸಾವಿರಕ್ಕೆ ಒಂದರಷ್ಟು ಹೆಚ್ಚಿದರೂ ಒಂದೇ ಸೆಕೆಂಡಿನಲ್ಲಿ ಶಕ್ತಿ 2.7 ಪಟ್ಟಾಗುತ್ತದೆ, ಐದು ಸೆಕೆಂಡಿನಲ್ಲಿ ಸುಮಾರು 150 ಪಟ್ಟು. ಈ ವೇಗವನ್ನು ನ್ಯೂಟ್ರಾನ್ ನುಂಗುವ ಯಾವ ಸರಳೂ ಯಾವ ಕೈಯೂ ತಡೆಯಲಾರವು. ಹಾಗಾದರೆ ರಿಯಾಕ್ಟರ್ ಹಿಡಿತಕ್ಕೆ ಸಿಗುವುದು ಹೇಗೆ?

ಉತ್ತರ ಮತ್ತೆ ಆ ಹೋಳುಗಳಲ್ಲಿದೆ. ಎಲ್ಲ ನ್ಯೂಟ್ರಾನ್‌ಗಳೂ ಸೀಳಿದ ಕ್ಷಣದಲ್ಲೇ ಬರುವುದಿಲ್ಲ. ಕೆಲವು ಹೋಳುಗಳು ನ್ಯೂಟ್ರಾನ್‌ಗಳ ಹೊರೆಯನ್ನು ಹೊತ್ತುಕೊಂಡೇ ಸ್ವಲ್ಪ ಹೊತ್ತು ಇದ್ದು, ಆಮೇಲೆ ಬಿಡುತ್ತವೆ. ಅವುಗಳಲ್ಲೊಂದಾದ ಬ್ರೋಮಿನ್-87ರ ಅರ್ಧಾಯು, ಅಂದರೆ ಅದರಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 55 ಸೆಕೆಂಡ್. ಯುರೇನಿಯಂ-235ರ ಲೆಕ್ಕದಲ್ಲಿ ಇಂಥ ತಡವಾದ ನ್ಯೂಟ್ರಾನ್‌ಗಳ ಪಾಲು ಶೇಕಡ 0.65 ಮಾತ್ರ, ಅಂದರೆ ಸಾವಿರಕ್ಕೆ ಆರೂವರೆ. ಸರಪಳಿ ಸಮತೋಲದಲ್ಲಿರಲು ಈ ಆರೂವರೆಯೂ ಬೇಕೇ ಬೇಕು ಎಂಬಂತೆ ರಿಯಾಕ್ಟರನ್ನು ನಡೆಸಿದರೆ ಇಡೀ ಸರಪಳಿ ಅವುಗಳಿಗಾಗಿ ಕಾಯಬೇಕಾಗುತ್ತದೆ. ಆಗ ಅದೇ ಸಾವಿರಕ್ಕೆ ಒಂದರ ಹೆಚ್ಚಳಕ್ಕೆ ಶಕ್ತಿ 2.7 ಪಟ್ಟಾಗಲು ಒಂದು ಸೆಕೆಂಡಿನ ಬದಲು ಒಂದು ನಿಮಿಷದ ಆಸುಪಾಸು ಬೇಕು. ನ್ಯೂಟ್ರಾನ್ ನುಂಗುವ ಸರಳುಗಳನ್ನು ಇಳಿಸಲು, ಏರಿಸಲು, ಯಂತ್ರಕ್ಕೂ ಮನುಷ್ಯನಿಗೂ ಅಷ್ಟು ಸಮಯ ಧಾರಾಳ. ಈ ಸಾವಿರಕ್ಕೆ ಆರೂವರೆ ನ್ಯೂಟ್ರಾನ್‌ಗಳು ನಿಸರ್ಗದಲ್ಲಿ ಇಲ್ಲದೆ ಹೋಗಿದ್ದರೆ ಬಾಂಬು ಆಗುತ್ತಿತ್ತು, ಇಂದಿನ ರೂಪದ ವಿದ್ಯುತ್ ಸ್ಥಾವರ ಆಗುತ್ತಿರಲಿಲ್ಲ. ವಿದಳನದ ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇದೇ ಸಂಗತಿ.

ರಿಯಾಕ್ಟರ್ ಅಣುಬಾಂಬಿನಂತೆ ಸಿಡಿಯುತ್ತದೆಯೇ ಎಂಬ ಭಯಕ್ಕೂ ಇಲ್ಲೇ ಉತ್ತರವಿದೆ. ಯುರೇನಿಯಂ ಬಾಂಬಿಗೆ 235ರ ಪಾಲು ಬಹಳ ಹೆಚ್ಚಿರಬೇಕು, ಸಾಮಾನ್ಯವಾಗಿ ಶೇಕಡ 90ರ ಹತ್ತಿರ. ಸರಪಳಿ ವೇಗದ ನ್ಯೂಟ್ರಾನ್‌ಗಳಲ್ಲೇ ಸಾಗಬೇಕು. ಶೇಕಡ 0.7ರ ಇಂಧನದಿಂದ ಅದು ಆಗದು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನಲ್ಲಿ ಸರಪಳಿ ಕೈತಪ್ಪಿದ್ದು ನಿಜ. ವಿದಳನದ ಬೆನ್ನಿಗೇ ಹುಟ್ಟುವ ಜೆನಾನ್-135 ನ್ಯೂಟ್ರಾನ್‌ಗಳನ್ನು ನುಂಗಿ ರಿಯಾಕ್ಟರನ್ನು ಮಂಕಾಗಿಸಿದ್ದಾಗ ಶಕ್ತಿ ಏರಿಸಲೆಂದು ಸರಳುಗಳನ್ನು ಹೊರಗೆಳೆದದ್ದು, ಆ ವಿನ್ಯಾಸದಲ್ಲೇ ಇದ್ದ ದೋಷ, ಎರಡೂ ಸೇರಿ ಶಕ್ತಿ ಏಕಾಏಕಿ ಏರಿ ಆವಿಯ ಒತ್ತಡಕ್ಕೆ ರಿಯಾಕ್ಟರ್ ಒಡೆಯಿತು. ಅದು ಬಾಂಬಿನ ಸ್ಫೋಟವಲ್ಲ. ಆದರೆ ಜನರಿಗೆ ಕೇಡು ತಂದದ್ದು ಹೊರಗೆ ಚೆಲ್ಲಿದ ಹೋಳುಗಳು: 8 ದಿನ ಅರ್ಧಾಯುವಿನ ಅಯೋಡಿನ್-131, 30 ವರ್ಷದ ಸೀಸಿಯಂ-137.

‘ಬಾಂಬಿನಂತೆ ಸಿಡಿಯುವುದಿಲ್ಲ’ ಎಂಬಲ್ಲಿಗೇ ಸಮರ್ಥಕರು ಮಾತು ನಿಲ್ಲಿಸುವುದು ಸರಿಯಲ್ಲ. ಸರಪಳಿಯನ್ನು ಎರಡು ಸೆಕೆಂಡಿನಲ್ಲಿ ನಿಲ್ಲಿಸಬಹುದು, ಹೋಳುಗಳನ್ನು ನಿಲ್ಲಿಸುವ ಗುಂಡಿ ಯಾರ ಬಳಿಯೂ ಇಲ್ಲ. ಅವು ತಮ್ಮ ಪಾಡಿಗೆ ಕ್ಷಯಿಸುತ್ತಾ ಶಾಖ ಬಿಡುತ್ತಲೇ ಇರುತ್ತವೆ. ರಿಯಾಕ್ಟರ್ ನಿಂತ ಕ್ಷಣದಲ್ಲಿ ಈ ಉಳಿಕೆ ಶಾಖ ಪೂರ್ಣ ಶಕ್ತಿಯ ಶೇಕಡ 6ರಿಂದ 7ರಷ್ಟಿರುತ್ತದೆ, ಒಂದು ಗಂಟೆಗೆ ಒಂದೂವರೆಗೆ ಇಳಿಯುತ್ತದೆ, ಒಂದು ದಿನದ ಬಳಿಕ ಅರ್ಧಕ್ಕೆ. ಅರ್ಧ ಶೇಕಡ ಎಂದರೆ ಕ್ಷುಲ್ಲಕವೆನ್ನಿಸಬಹುದು. ಕೈಗಾದಂಥ 220 ಮೆಗಾವ್ಯಾಟ್‌ನ ಘಟಕದಲ್ಲಿ ಅದು ಮೂರೂವರೆ ಮೆಗಾವ್ಯಾಟ್‌ಗೂ ಮಿಕ್ಕ ಶಾಖ. ಅದನ್ನು ನೀರು ಕುದಿಸಿಯೇ ಹೊರಹಾಕಬೇಕೆಂದರೆ ಬೇಸಿಗೆಯಲ್ಲಿ ನಮ್ಮ ಊರುಗಳ ಬೀದಿಗೆ ಬರುವ 5,000 ಲೀಟರಿನ ಟ್ಯಾಂಕರ್ ಒಂದನ್ನು ಗಂಟೆಗೊಮ್ಮೆ, ಹಗಲೂ ರಾತ್ರಿ, ಬರಿದು ಮಾಡಬೇಕು. 2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಭೂಕಂಪವಾದೊಡನೆ ಓಡುತ್ತಿದ್ದ ಮೂರು ರಿಯಾಕ್ಟರ್‌ಗಳೂ ತಾವಾಗಿ ನಿಂತವು, ಸರಪಳಿ ಅಲ್ಲಿಗೆ ಮುಗಿದಿತ್ತು. ಸುಮಾರು 50 ನಿಮಿಷದ ಬಳಿಕ ಬಂದ ಸುನಾಮಿ ಅಲೆ ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿತು, ನೀರು ಹಾಯಿಸುವ ಪಂಪುಗಳಿಗೆ ವಿದ್ಯುತ್ ಇಲ್ಲವಾಯಿತು. ಮೂರೂ ರಿಯಾಕ್ಟರ್‌ಗಳ ಇಂಧನ ಕರಗಿದ್ದು ಆ ಉಳಿಕೆ ಶಾಖದಿಂದ.

ಆದ್ದರಿಂದ ಯಾವುದೇ ಹೊಸ ಸ್ಥಾವರದ ಬಗ್ಗೆ, ಅದು ಸರ್ಕಾರದ್ದಿರಲಿ ಖಾಸಗಿಯದಿರಲಿ, ಮೊದಲು ಕೇಳಬೇಕಾದ ಪ್ರಶ್ನೆ ಇದು: ಗ್ರಿಡ್ ಬಿದ್ದು, ಜನರೇಟರ್ ಕೆಟ್ಟು, ರಸ್ತೆ ಕಡಿದುಹೋದ ದಿನ ಇಂಧನಕ್ಕೆ ನೀರು ಎಲ್ಲಿಂದ, ಎಷ್ಟು ದಿನ? ಸಣ್ಣ ರಿಯಾಕ್ಟರ್‌ಗಳ ಪರವಾಗಿರುವ ಗಟ್ಟಿ ವಾದವೂ ಇದೇ ಆಗಿದೆ. ಗಾತ್ರ ಸಣ್ಣದಾದಷ್ಟೂ ಉಳಿಕೆ ಶಾಖ ಕಡಿಮೆ, ಪಂಪಿಲ್ಲದೆ ನೀರಿನ ಸಹಜ ಹರಿವಿನಿಂದಲೇ ತಣಿಸುವುದು ಸುಲಭ. ಸುಲಭವೆಂದ ಮಾತ್ರಕ್ಕೆ ಸಾಬೀತಾಯಿತೆಂದಲ್ಲ; ಪ್ರತಿ ವಿನ್ಯಾಸವೂ ಅದನ್ನು ತೋರಿಸಿಕೊಡಬೇಕು.

ಹೋಳುಗಳನ್ನು ತಡೆದಿಡುವ ಗೋಡೆಗಳು ಒಂದರ ಹೊರಗೊಂದು: ಬಿಲ್ಲೆ, ಕೊಳವೆ, ಒತ್ತಡದ ನಾಳ, ಕೊನೆಗೆ ಕಾಂಕ್ರೀಟ್ ಗುಮ್ಮಟ. 1994ರ ಮೇ 13ರಂದು ಕೈಗಾದ ಮೊದಲನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರ ನಿರ್ಮಾಣದ ಹಂತದಲ್ಲೇ ಕಳಚಿ ಬಿತ್ತು. ಇಂಧನ ಇನ್ನೂ ಬಂದಿರಲಿಲ್ಲವಾದ್ದರಿಂದ ವಿಕಿರಣದ ಮಾತಿರಲಿಲ್ಲ. ಗುಮ್ಮಟದ ವಿನ್ಯಾಸವನ್ನು ಮತ್ತೆ ಮಾಡಬೇಕಾಯಿತು, ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ತೊಡಗುವ ಹೊತ್ತಿಗೆ 2000 ಇಸವಿ ಬಂದಿತ್ತು. ಆ ವಿಳಂಬವನ್ನು ನಷ್ಟವೆಂದು ಕರೆದವರಿದ್ದಾರೆ. ಕೊನೆಯ ಗೋಡೆ ಗಟ್ಟಿಯಾಗುವವರೆಗೆ ಕಾದದ್ದು ಸರಿಯಾಗಿತ್ತು ಎಂಬುದು ನನ್ನ ಅಭಿಪ್ರಾಯ. ಕಟ್ಟುವ ಅವಸರ ಹೆಚ್ಚಿದಾಗ ಹಾಗೆ ಕಾಯಿಸುವ ಅಧಿಕಾರ ನಿಯಂತ್ರಣ ಮಂಡಳಿಯ ಕೈಯಲ್ಲಿ ಉಳಿಯಬೇಕು. ಹೊಸ ಕಾನೂನಿನ ಚರ್ಚೆಯಲ್ಲಿ ಉಪಕರಣ ಪೂರೈಸಿದವರ ಹೊಣೆ ಎಷ್ಟು ಎಂಬ ಪ್ರಶ್ನೆ ಎದ್ದದ್ದೂ ಇದೇ ಕಾರಣಕ್ಕೆ.

ಬಳಸಿ ತೆಗೆದ ಕಟ್ಟುಗಳನ್ನು ಮೊದಲು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿಸಿಡುತ್ತಾರೆ. ಅವುಗಳಲ್ಲಿ ಉಳಿದಿರುವ ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ರಾಸಾಯನಿಕವಾಗಿ ಬೇರ್ಪಡಿಸಿ ಮತ್ತೆ ಬಳಸುವುದು, ಹೋಳುಗಳನ್ನು ಗಾಜಿನೊಳಗೆ ಕರಗಿಸಿ ಗಟ್ಟಿಮಾಡಿ ಇಡುವುದು ಭಾರತ ಹಿಡಿದಿರುವ ದಾರಿ. 24,000 ವರ್ಷ ಅರ್ಧಾಯುವಿನ ಪ್ಲುಟೋನಿಯಂ-239 ಅನ್ನು ತೆಗೆದುಬಿಟ್ಟರೆ ತ್ಯಾಜ್ಯದ ಕಾಲದ ಲೆಕ್ಕ ಬಹುಮಟ್ಟಿಗೆ ಸೀಸಿಯಂ-137 ಮತ್ತು ಸ್ಟ್ರಾಂಷಿಯಂ-90ರ ಲೆಕ್ಕವಾಗುತ್ತದೆ. ಎರಡರ ಅರ್ಧಾಯುವೂ 30 ವರ್ಷದ ಆಸುಪಾಸು. ಹತ್ತು ಅರ್ಧಾಯು ಕಳೆದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ, ಅಂದರೆ 300 ವರ್ಷ. ಕೈಗಾದ ಪಕ್ಕದಲ್ಲಿ ಹರಿಯುವ ಕಾಳಿ ನದಿ ಕಡಲು ಸೇರುವಲ್ಲಿ ಸದಾಶಿವಗಡದ ಕೋಟೆಯಿದೆ. ಸೋದೆಯ ಅರಸರು ಅದನ್ನು ಕಟ್ಟಿಸಿದ್ದು 18ನೆಯ ಶತಮಾನದ ಆರಂಭದಲ್ಲಿ. ಆ ಕೋಟೆ ಕಟ್ಟಿದ ದಿನ ಗಾಜಿನಲ್ಲಿ ಮುಚ್ಚಿಟ್ಟ ಹೋಳುಗಳನ್ನು ಸೋದೆಯವರಿಂದ ಹೈದರ್, ಬ್ರಿಟಿಷರವರೆಗೆ, ಅವರಿಂದ ನಮ್ಮವರೆಗೆ ಪ್ರತಿ ಆಡಳಿತವೂ ಕಾದು ಮುಂದಿನವರಿಗೆ ಒಪ್ಪಿಸಿಕೊಂಡು ಬಂದಿದ್ದರೆ, ಆ ಕಾವಲು ಮುಗಿಯುವ ಹೊತ್ತು ಸುಮಾರು ಈಗ.